ಇಳಿಸಿದ ಮಾಸ್ಕ್, ಮುಚ್ಚಿದ ಕಿಟಕಿ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಆರೋಗ್ಯ ಇಲಾಖೆಯ ಹೊಣೆ ಹೊತ್ತವರಿಗೆ, ಮತ್ತು ಲಿಫ್ಟಿನಲ್ಲಿ, ಸರತಿ ಸಾಲಿನಲ್ಲಿ, ಮೀಟಿಂಗ್ ಕೋಣೆಯಲ್ಲಿ ನನ್ನ ಪಕ್ಕ ನಿಲ್ಲುವ ಎಲ್ಲರಿಗೂ,

ಮಾನ್ಯರೇ,

ಆರು ವರ್ಷಗಳ ಹಿಂದೆ ನನ್ನ ಎಡ ಮೂತ್ರಪಿಂಡ ತೆಗೆದು ನನ್ನ ತಮ್ಮನ ಕಿಬ್ಬೊಟ್ಟೆಯಲ್ಲಿ ಕೂರಿಸಿದರು. ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ಅವನ ದೇಹ ಇವತ್ತಿಗೂ ಅದನ್ನು ತನ್ನದೆಂದು ಒಪ್ಪಿಕೊಂಡಿಲ್ಲ. ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಮಾತ್ರೆ ನುಂಗಿ ದೇಹದ ಕಾವಲುಗಾರರನ್ನು ಮಂಪರಿನಲ್ಲಿ ಇಡಬೇಕು. ಕಾವಲುಗಾರರು ತೂಕಡಿಸುವಾಗ ಬೇರೆ ಯಾರು ನುಗ್ಗಿದರೂ ಗೊತ್ತಾಗುವುದು ತಡ. ನಿಮಗೆ ಮೂರು ದಿನದ ನೆಗಡಿ ಆಗಿ ಹೋಗುವುದು ಅವನಿಗೆ ಮೂರು ವಾರದ ಆಸ್ಪತ್ರೆವಾಸ ಆಗಬಹುದು. ಲಸಿಕೆ ಹಾಕಿಸಿದ್ದೇವೆ, ಆದರೆ ಈ ಮಾತ್ರೆ ತಿನ್ನುವವರ ದೇಹ ಲಸಿಕೆಯ ಪಾಠವನ್ನೂ ಅರೆಬರೆಯಾಗಿಯೇ ಕಲಿಯುತ್ತದೆ. ದಡಾರದ ಲಸಿಕೆಯಂಥ ಜೀವಂತ ಲಸಿಕೆಗಳನ್ನು ಇವರಿಗೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಹಾಗಾಗಿ ಅವನು ಮಾಸ್ಕ್ ಹಾಕುತ್ತಾನೆ. ಅವನ ಮನೆಯಲ್ಲೇ ಇರುವ ನಾನೂ ಹಾಕುತ್ತೇನೆ.

ಇಷ್ಟನ್ನೂ ಅಪರಿಚಿತರ ಮುಂದೆ ಬಿಡಿಸಿ ಹೇಳಬೇಕಾಗಿ ಬಂದಿರುವುದೇ ನನ್ನ ಮೊದಲ ದೂರು. ಕನ್ನಡಕ ಹಾಕಿಕೊಂಡವರನ್ನು ಯಾರೂ "ಯಾಕೆ, ಏನಾಯ್ತು?" ಎಂದು ಕೇಳುವುದಿಲ್ಲ. ಮಾಸ್ಕ್ ಕಂಡರೆ ಮಾತ್ರ ಎಲ್ಲರಿಗೂ ಒಂದು ಉತ್ತರ ಬೇಕು. ಇವರಿಗೇ ಏನೋ ಕಾಯಿಲೆ ಇರಬೇಕು ಎಂದು ಕೆಲವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ (ಸರಿಯಲಿ, ನನಗೆ ಒಳ್ಳೆಯದೇ). ಕೆಲವರು ನಗುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಮೊನ್ನೆ "ಮೇಡಂ, ನೀವಿನ್ನೂ 2020ರಲ್ಲೇ ಇದ್ದೀರಲ್ಲ" ಎಂದರು. ಆ 2020ರಲ್ಲಿ ನನ್ನ ಮಾಸ್ಕ್ ಮೂಗಿನಿಂದ ಜಾರಿದ್ದಕ್ಕೆ ಎಲ್ಲರೆದುರು ನನ್ನನ್ನು ಗದರಿಸಿದವರೂ ಅವರೇ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆಗ ಗದರಿಸಬೇಕು ಎಂದು ಹೇಳಿಕೊಟ್ಟಿದ್ದರು, ಗದರಿಸಿದರು. ಈಗ ಎಲ್ಲ ಮುಗಿಯಿತು ಎಂದಿದ್ದಾರೆ, ನಗುತ್ತಾರೆ. ನಡುವೆ ಗಾಳಿಯ ಬಗ್ಗೆ, ಸೋಂಕಿನ ಬಗ್ಗೆ ಅವರಿಗೆ ಯಾರೂ ಏನನ್ನೂ ತಿಳಿಸಿ ಹೇಳಲೇ ಇಲ್ಲ. ನನ್ನ ತಕರಾರು ಇರುವುದು ಆ ಹೇಳದವರ ಮೇಲೆ.

ಲಿಫ್ಟಿನಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಸೋಂಕು ಜೋರಾಗಿದ್ದ ದಿನಗಳವು. ನಾವು ಐದು ಜನ ಇದ್ದೆವು, ಐವರ ಮುಖದಲ್ಲೂ ಮಾಸ್ಕ್ ಇತ್ತು. ಮೂರನೇ ಮಹಡಿ ದಾಟುವಾಗ ಒಬ್ಬರಿಗೆ ಸೀನು ಬಂತು. ಅವರು ಏನು ಮಾಡಿದರು ಗೊತ್ತೇ? ಗಡಬಡಿಸಿ ಮಾಸ್ಕನ್ನು ಗದ್ದಕ್ಕೆ ಎಳೆದು, ಜೋರಾಗಿ ಸೀನಿ, ಮತ್ತೆ ಅಷ್ಟೇ ಶಿಸ್ತಿನಿಂದ ಮಾಸ್ಕ್ ಮೇಲೇರಿಸಿಕೊಂಡರು. ಮಾಸ್ಕ್ ಕೊಳೆಯಾಗಬಾರದಲ್ಲ! ಫೋನ್ ಬಂದಾಗ ಮಾಸ್ಕ್ ಇಳಿಸಿ ಮಾತಾಡಿ, ಮಾತು ಮುಗಿದ ಮೇಲೆ ಸುಮ್ಮನೆ ಕೂರಲು ಮಾಸ್ಕ್ ಏರಿಸುವವರನ್ನು ನೀವೂ ಕಂಡಿದ್ದೀರಿ. ಅದನ್ನು ನೋಡಿ ನಾನು ಆಗ ಹೊಟ್ಟೆ ಉರಿದುಕೊಂಡೆ. ಈಗ ಯೋಚಿಸಿದರೆ, ಅವರು ಕಲಿತ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು ಅನ್ನಿಸುತ್ತದೆ. ಬಾಗಿಲ ಬಳಿ ನಿಂತ ಕಾವಲಿನವರಿಗೆ, ದಂಡದ ರಸೀತಿ ಹಿಡಿದವರಿಗೆ ತೋರಿಸಬೇಕಾದ ಗುರುತುಚೀಟಿ ಎಂದೇ ಮಾಸ್ಕನ್ನು ಪರಿಚಯಿಸಲಾಗಿತ್ತು. ಚೀಟಿ ತೋರಿಸಿ ಒಳಗೆ ಬಂದ ಮೇಲೆ ಅದನ್ನು ಜೇಬಿಗೆ ಇಳಿಸುವುದು ಸಹಜವೇ.

ಆಗ ಒಬ್ಬರೇ ಬಯಲಿನಲ್ಲಿ ನಡೆಯುವವರಿಗೆ ದಂಡ ಇತ್ತು. ಹೋಟೆಲಿನ ಬಾಗಿಲಿಂದ ಮೇಜಿನವರೆಗೆ ಮಾಸ್ಕ್ ಹಾಕಿ ನಡೆದು, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಒಂದು ಗಂಟೆ ಮಾಸ್ಕಿಲ್ಲದೆ ಹರಟುವವರಿಗೆ ಏನೂ ಇರಲಿಲ್ಲ. ಇಂಥ ನಿಯಮ ಪಾಲಿಸಿದ ಜನ, ಇದೆಲ್ಲ ಕಾಟಾಚಾರ ಎಂದು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇದೇನೂ ಹೊಸ ಕಥೆಯಲ್ಲ. 1918ರ ಇನ್‌ಫ್ಲುಯೆಂಜಾ ಹೊತ್ತಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಮಾಸ್ಕ್ ಕಡ್ಡಾಯ ಮಾಡಿತು, ಹಾಕದವರನ್ನು ಹಿಡಿದು ದಂಡ ಹಾಕಿತು, ಕೆಲವರನ್ನು ಜೈಲಿಗೂ ಕಳಿಸಿತು. ಅಷ್ಟರಲ್ಲಿ ಒಂದು ಬಾಕ್ಸಿಂಗ್ ಪಂದ್ಯದಲ್ಲಿ ತೆಗೆದ ಫೋಟೋದಲ್ಲಿ ನಗರದ ಮೇಯರ್ ಮತ್ತು ಆರೋಗ್ಯಾಧಿಕಾರಿ ಇಬ್ಬರೂ ಮಾಸ್ಕಿಲ್ಲದೆ ಸಿಕ್ಕಿಬಿದ್ದರು. 1919ರ ಜನವರಿಯಲ್ಲಿ ಎರಡನೇ ಸಲ ಕಡ್ಡಾಯ ಮಾಡಿದಾಗ 'ಆಂಟಿ-ಮಾಸ್ಕ್ ಲೀಗ್' ಎಂಬ ಸಂಘವೇ ಹುಟ್ಟಿ, ಸಾವಿರಾರು ಜನ ಸಭೆ ಸೇರಿದರು. ಫೆಬ್ರುವರಿ ಒಂದರಂದು ಆಜ್ಞೆ ವಾಪಸಾಯಿತು. ಅಲ್ಲಿ ಜನ ಹಾಕಿಕೊಂಡಿದ್ದದ್ದು ಬಹುಪಾಲು ಗಾಯಕ್ಕೆ ಕಟ್ಟುವಂಥ ಜಾಳು ಜಾಳಾದ ಗಾಜ್ ಬಟ್ಟೆ. ಅದರಿಂದ ಎಷ್ಟು ಉಪಯೋಗವಾಯಿತು ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಎತ್ತುವ ವ್ಯವಧಾನವೇ ಆ ಜಗಳದಲ್ಲಿ ಯಾರಿಗೂ ಉಳಿದಿರಲಿಲ್ಲ.

ಅದಕ್ಕಿಂತ ಏಳೆಂಟು ವರ್ಷ ಮುಂಚೆ, 1910–11ರ ಚಳಿಗಾಲದಲ್ಲಿ, ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿ ಸುಮಾರು 60,000 ಜನ ಸತ್ತರು. ಈಗಿನ ಮಲೇಷ್ಯಾದ ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ್ದ ವು ಲಿಯೆನ್-ತೆ ಎಂಬ ಯುವ ವೈದ್ಯ ಅಲ್ಲಿನ ಹಾರ್ಬಿನ್ ನಗರಕ್ಕೆ ಬಂದು, ಹೆಣ ಕೊಯ್ದು ನೋಡಿ, ಇದು ಇಲಿ-ಚಿಗಟದಿಂದ ಬರುತ್ತಿರುವುದಲ್ಲ, ರೋಗಿಯ ಉಸಿರಿನಿಂದಲೇ ಇನ್ನೊಬ್ಬರಿಗೆ ಹೋಗುತ್ತಿದೆ ಎಂದ. ಹತ್ತಿಯ ಮೇಲೆ ಗಾಜ್ ಪದರ ಸುತ್ತಿ ಮಾಸ್ಕ್ ಮಾಡಿಸಿದ. ಹೆಸರಾಂತ ಫ್ರೆಂಚ್ ವೈದ್ಯ ಮೆಸ್ನಿಗೆ ಈ ಹುಡುಗನ ಮಾತು ರುಚಿಸಲಿಲ್ಲ. ಮಾಸ್ಕಿಲ್ಲದೆ ವಾರ್ಡಿಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿದ. ಕೆಲವೇ ದಿನಗಳಲ್ಲಿ ತಾನೇ ಪ್ಲೇಗಿನಿಂದ ಸತ್ತ. ಆಮೇಲೆ ಆ ಊರಲ್ಲಿ ಮಾಸ್ಕ್ ಹಾಕಿ ಎಂದು ಯಾರೂ ಹೆಚ್ಚು ಒತ್ತಾಯಿಸಬೇಕಾಗಲಿಲ್ಲ. ಅಷ್ಟು ಕ್ರೂರವಾದ ಪಾಠ ಯಾರಿಗೂ ಬೇಡ. ಆದರೆ ಅಲ್ಲಿ ಮಾಸ್ಕಿನ ಹಿಂದೆ ಒಂದು ಕಾರಣ ಇತ್ತು, ಆ ಕಾರಣ ಜನರಿಗೆ ಅರ್ಥವಾಗಿತ್ತು. ಇದನ್ನು ನೀವು ಗಮನಿಸಬೇಕು.

ನಮಗೆ ಹೇಳಿದ ಕಾರಣವಾದರೂ ಏನು? ಮೊದಲು ಮಾಸ್ಕ್ ಬೇಡ ಎಂದಿರಿ. 2020ರ ಫೆಬ್ರುವರಿ ಕೊನೆಯಲ್ಲಿ ಅಮೆರಿಕ ಸರ್ಕಾರದ ಪರವಾಗಿ ಜನರಿಗೆ ಆರೋಗ್ಯ ಸಲಹೆ ಕೊಡುವ ಸರ್ಜನ್ ಜನರಲ್ ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ ಎಂದು ಜನರನ್ನು ಬೇಡಿಕೊಂಡರು. ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ಖಡಾಖಂಡಿತವಾಗಿ ಪ್ರಕಟಿಸಿತು. ಏಪ್ರಿಲ್‌ನಿಂದ ಜೂನ್ ಒಳಗೆ ಎಲ್ಲರೂ ಒಬ್ಬೊಬ್ಬರಾಗಿ ಮಾಸ್ಕ್ ಬೇಕು ಎಂದರು. ಜುಲೈನಲ್ಲಿ ಗಾಳಿಯ ಮೂಲಕ ಸೋಂಕು ಹರಡುವುದನ್ನು ಅಧ್ಯಯನ ಮಾಡುವ ಲಿಡಿಯಾ ಮೊರಾವ್ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಪತ್ರಕ್ಕೆ ಒಟ್ಟು 239 ವಿಜ್ಞಾನಿಗಳು ಸಹಿ ಹಾಕಿ, ದಯವಿಟ್ಟು ಗಾಳಿಯ ಕಡೆ ಗಮನ ಕೊಡಿ ಎಂದರು (ಬಹಿರಂಗ ಪತ್ರ ಬರೆಯುವ ಚಟ ನನ್ನೊಬ್ಬಳದ್ದೇ ಅಲ್ಲ ನೋಡಿ). ತಿಳಿವಳಿಕೆ ಬದಲಾದಾಗ ಸಲಹೆ ಬದಲಾಗಬೇಕು, ಅದು ತಪ್ಪಲ್ಲ. ಇರುವ ಮಾಸ್ಕ್ ಎಲ್ಲರಿಗೂ ಸಾಲದು, ಮೊದಲು ವೈದ್ಯರು-ದಾದಿಯರಿಗೆ ಸಿಗಲಿ ಎಂದು ನೇರವಾಗಿ ಹೇಳಿದ್ದರೆ ಜನ ಒಪ್ಪುತ್ತಿದ್ದರು. ಸಾಲದ್ದನ್ನು ಬೇಡದ್ದು ಎಂದು ಹೇಳಿದ್ದೇ ಎಡವಟ್ಟಾಯಿತು.

ಗಾಳಿಯ ವಿಷಯವನ್ನು ಸರಿಯಾಗಿ ಹೇಳಿದ್ದರೆ ಇವತ್ತಿನ ಅರ್ಧ ಗೊಂದಲ ಇರುತ್ತಿರಲಿಲ್ಲ. ಸೋಂಕು ಎಂದರೆ ಕೆಮ್ಮಿದಾಗ ಹಾರುವ ಹನಿ, ಅದು ಮೂರಡಿ ಆರಡಿಯೊಳಗೆ ನೆಲಕ್ಕೆ ಬೀಳುತ್ತದೆ, ಅಷ್ಟು ದೂರ ನಿಂತರೆ ಸಾಕು — ಜನರ ತಲೆಯಲ್ಲಿ ಇರುವ ಚಿತ್ರ ಇದು. ಆದರೆ ನಾವು ಮಾತಾಡುವಾಗ, ಸುಮ್ಮನೆ ಉಸಿರು ಬಿಡುವಾಗ ಕೂಡ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹೊರಬರುತ್ತವೆ. ದನಿ ಏರಿದಷ್ಟೂ ಅವು ಹೆಚ್ಚು. ಐದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದೊಡ್ಡ ಹನಿಯೆಲ್ಲ ಬೇಗ ಬಿದ್ದುಹೋಗುತ್ತದೆ ಎಂದು ವೈದ್ಯಕೀಯ ಪುಸ್ತಕಗಳು ದಶಕಗಟ್ಟಲೆ ಹೇಳಿಕೊಂಡು ಬಂದವು. ಅಮೆರಿಕದ ಸಂಶೋಧಕ ವಿಲಿಯಂ ವೆಲ್ಸ್ 1934ರಲ್ಲೇ ಲೆಕ್ಕ ಹಾಕಿ ತೋರಿಸಿದ ಪ್ರಕಾರ ಆ ಗೆರೆ ಇರುವುದು 100 ಮೈಕ್ರಾನ್ ಹತ್ತಿರ. ಅದಕ್ಕಿಂತ ಸಣ್ಣವು ಬೀಳುವ ಮೊದಲೇ ಒಣಗಿ ಹಗುರಾಗಿ, ಊದುಬತ್ತಿಯ ಹೊಗೆಯ ಹಾಗೆ ಕೋಣೆಯಲ್ಲಿ ತೇಲುತ್ತವೆ. ಊದುಬತ್ತಿಯಿಂದ ಆರಡಿ ದೂರ ಕೂತರೆ ವಾಸನೆ ಬರುವುದಿಲ್ಲವೇ?

2020ರ ಮಾರ್ಚ್ 10ರ ಸಂಜೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಒಂದು ಗಾಯಕ ವೃಂದದ 61 ಮಂದಿ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಅವರ ನಡುವೆ ನೆಗಡಿಯಂಥ ಲಕ್ಷಣ ಇದ್ದ ಒಬ್ಬರಿದ್ದರು. ಉಳಿದವರಲ್ಲಿ 52 ಮಂದಿಗೆ ಕೋವಿಡ್ ಬಂತು ಅಥವಾ ಬಂದಿರುವ ಸಾಧ್ಯತೆ ಕಂಡಿತು, ಇಬ್ಬರು ತೀರಿಕೊಂಡರು. ಅಲ್ಲಿದ್ದವರು ಯಾರೂ ಬೇಜವಾಬ್ದಾರಿಗಳಲ್ಲ, ಒಬ್ಬರಿಗೊಬ್ಬರು ಬೇಕಾದವರು.

ಒಬ್ಬರಿಗೊಬ್ಬರು ಬೇಕಾದವರು ಎಂಬ ಮಾತನ್ನು ನಾನು ಸುಮ್ಮನೆ ಹೇಳಲಿಲ್ಲ. ಅಪಾಯವನ್ನು ನಾವು ಅಳೆಯುವ ರೀತಿಯೇ ಇಲ್ಲಿ ಕೈಕೊಡುತ್ತದೆ. ಬಸ್ಸಿನಲ್ಲಿ ಅಪರಿಚಿತ ಕೆಮ್ಮಿದರೆ ಮುಖ ತಿರುಗಿಸುತ್ತೇವೆ. ಗೆಳತಿ ಸಿಕ್ಕರೆ ಮಾತಾಡಲು ಮಾಸ್ಕ್ ಇಳಿಸುತ್ತೇವೆ. ನಂಬಿಕೆ ಇರುವ ಕಡೆ ಮುಖ ತೋರಿಸುವುದು ಮನುಷ್ಯರ ಸ್ವಭಾವ. ಆದರೆ ನಾವು ಹೆಚ್ಚು ಹೊತ್ತು, ಹೆಚ್ಚು ಹತ್ತಿರ ಕೂತು, ಹೆಚ್ಚು ಗಟ್ಟಿಯಾಗಿ ನಗುವುದು ಈ ನಂಬಿಕೆಯವರ ಜೊತೆಯಲ್ಲೇ. ಇನ್ನು ನಮ್ಮ ನಮ್ಮ ನೆಗಡಿಯ ವಿಷಯಕ್ಕೆ ಬಂದರೆ ಎಲ್ಲರೂ ವಕೀಲರೇ. ಬೇರೆಯವರಿಗೆ ಬಂದರೆ ಅದು ಸೋಂಕು. ನನಗೆ ಬಂದರೆ ಧೂಳಿನ ಅಲರ್ಜಿ, ನಿನ್ನೆ ನಿದ್ದೆ ಇಲ್ಲ, ಹವೆ ಬದಲಾಯಿತು. ನಾನೂ ಈ ವಾದ ಮಾಡಿದ್ದೇನೆ. ಒಂದು ಸಲ ಗಂಟಲು ಕೆರೆಯುತ್ತಿದ್ದರೂ ಏಸಿಯಿಂದ ಎಂದುಕೊಂಡು ಮನೆಯೊಳಗೆ ಮಾಸ್ಕಿಲ್ಲದೆ ಓಡಾಡಿದೆ. ನಾಲ್ಕನೇ ದಿನ ತಮ್ಮನಿಗೆ ಜ್ವರ ಬಂತು. ಅದೃಷ್ಟಕ್ಕೆ ಹನ್ನೊಂದು ದಿನದಲ್ಲಿ ಎದ್ದು ಬಂದ. "ಕಿಡ್ನಿ ಕೊಟ್ಟವಳು ಬಡ್ಡಿ ವಸೂಲಿ ಮಾಡ್ತಿದ್ದಾಳೆ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ನಾನು ಅಂಗೈಯಗಲದ ಒಂದು ಮೀಟರ್ ಕೊಂಡುಕೊಂಡೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ತೋರಿಸುವ ಡಬ್ಬಿ. ಬಯಲಿನಲ್ಲಿ ಅದು 420–430 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು, ತೋರಿಸುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಇರುವುದು ಸುಮಾರು 40,000. ಒಂದು ಪೋಷಕರ ಸಭೆಗೆ ಅದನ್ನು ಒಯ್ದಿದ್ದೆ. ಅರವತ್ತು ಜನ, ಏಸಿ ಇದೆಯೆಂದು ಕಿಟಕಿಗಳೆಲ್ಲ ಬಂದ್. ಗೋಡೆಗೆ ಹಾಕುವ ಮಾಮೂಲಿ ಏಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿರುವುದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಲವತ್ತು ನಿಮಿಷಕ್ಕೆ ಮೀಟರ್ 1,700 ತೋರಿಸಿತು. ಬಯಲಿನ ಅಂಕಿ ಕಳೆದು, ಉಳಿದದ್ದನ್ನು ಉಸಿರಿನ 40,000ಕ್ಕೆ ಹೋಲಿಸಿ ಲೆಕ್ಕ ಹಾಕಿ: ನಾನು ಎಳೆದುಕೊಳ್ಳುವ ನೂರು ಪಾಲು ಗಾಳಿಯಲ್ಲಿ ಮೂರು ಪಾಲು ಆಗಲೇ ಯಾರದೋ ಶ್ವಾಸಕೋಶ ಹೊಕ್ಕು ಬಂದದ್ದು. ಪಕ್ಕದಲ್ಲಿದ್ದವರು ಬಗ್ಗಿ ನೋಡಿ ಏನದು ಎಂದರು. ನಾನು ಈ ಮೂರು ಪಾಲಿನ ಮಾತು ಹೇಳಿದೆ. ಅವರು ಮಾತಾಡದೆ ಎದ್ದು ಹೋಗಿ ಎರಡು ಕಿಟಕಿ ತೆರೆದು ಬಂದು ಕೂತರು. ಕಾಲು ಗಂಟೆಯಲ್ಲಿ 900ಕ್ಕೆ ಇಳಿಯಿತು. ಮಾಸ್ಕ್ ಹಾಕಿ ಎಂದು ಐದು ವರ್ಷದಲ್ಲಿ ನಾನು ಯಾರನ್ನೂ ಇಷ್ಟು ಬೇಗ ಒಪ್ಪಿಸಿಲ್ಲ.

ಈ ಮೀಟರ್ ವೈರಸ್ಸನ್ನು ತೋರಿಸುವುದಿಲ್ಲ. ಗಾಳಿ ಸೋಸುವ ಯಂತ್ರ ಇಟ್ಟರೂ, ಎಲ್ಲರೂ ಮಾಸ್ಕ್ ಹಾಕಿದರೂ ಅದರ ಅಂಕಿ ಇಳಿಯುವುದಿಲ್ಲ. ಅದು ಹೇಳುವುದು ಎಷ್ಟು ಉಸಿರು ಹಂಚಿಕೊಳ್ಳುತ್ತಿದ್ದೀರಿ ಎಂಬುದನ್ನು ಮಾತ್ರ. ಆದರೆ ಎಲ್ಲಿ ಮಾಸ್ಕ್ ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸಲು ಅಷ್ಟು ಸಾಕು. ಬಯಲಿನಲ್ಲಿ, ಗಾಳಿ ಬೀಸುವ ಜಗಲಿಯಲ್ಲಿ ನಾನು ಮಾಸ್ಕ್ ತೆಗೆಯುತ್ತೇನೆ. ನೂಕುನುಗ್ಗಲಿನ ಬಸ್ಸು, ಲಿಫ್ಟು, ಆಸ್ಪತ್ರೆಯ ಕಾಯುವ ಕೋಣೆ ಎಂದರೆ ಹಾಕುತ್ತೇನೆ. ಇದರಲ್ಲಿ ಧೈರ್ಯದ ಮಾತೂ ಇಲ್ಲ, ಭಯದ ಮಾತೂ ಇಲ್ಲ.

"ಮಾಸ್ಕಿನ ತೂತಿಗಿಂತ ವೈರಸ್ಸೇ ಚಿಕ್ಕದು, ಸೊಳ್ಳೆ ತಡೆಯಲು ಬೇಲಿ ಹಾಕಿದ ಹಾಗೆ" ಎನ್ನುವವರು ಇದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ವೈರಸ್ ಬೆತ್ತಲೆಯಾಗಿ ಹಾರುವುದಿಲ್ಲ, ಕಣದೊಳಗೆ ಕೂತು ಬರುತ್ತದೆ. ಎನ್95 ಮಾಸ್ಕೂ ಜರಡಿಯಲ್ಲ. ಅದರ ಎಳೆಗಳಿಗೆ ವಿದ್ಯುದಾವೇಶ ಇರುತ್ತದೆ, ಹತ್ತಿರ ಬಂದ ಕಣವನ್ನು ಸೆಳೆದು ಅಂಟಿಸಿಕೊಳ್ಳುತ್ತದೆ. ಹಿಡಿಯಲು ಅತಿ ಕಷ್ಟವಾದದ್ದು 0.3 ಮೈಕ್ರಾನ್ ಆಸುಪಾಸಿನ ಕಣ, ಅದರಲ್ಲೇ ನೂರಕ್ಕೆ 95ನ್ನಾದರೂ ಹಿಡಿಯಬೇಕು ಎಂಬುದು ಆ ಹೆಸರಿನ ಅರ್ಥ. ಅದಕ್ಕಿಂತ ಸಣ್ಣವು ನೇರವಾಗಿ ಹೋಗಲಾರದೆ ತಡಬಡಿಸಿ ಎಳೆಗೆ ಬಡಿಯುತ್ತವೆ, ಹಾಗಾಗಿ ಅವನ್ನು ಹಿಡಿಯುವುದು ಇನ್ನೂ ಸುಲಭ. ಸೋಪು ನೀರಿನಲ್ಲಿ ತೊಳೆದರೆ ಆ ಆವೇಶ ಹೋಗುತ್ತದೆ, ಮಾಸ್ಕ್ ನೋಡಲು ಹಾಗೇ ಇದ್ದರೂ ಕೆಲಸಕ್ಕೆ ಬರುವುದಿಲ್ಲ. ಇನ್ನು ಕನ್ನಡಕದ ಮೇಲೆ ಮಂಜು ಕಟ್ಟುತ್ತಿದೆ ಎಂದರೆ ಮೂಗಿನ ಪಕ್ಕದಲ್ಲಿ ಗಾಳಿ ಸೋರುತ್ತಿದೆ ಎಂದರ್ಥ, ಮೇಲಿನ ತಂತಿಯನ್ನು ಒತ್ತಿ ಕೂರಿಸಬೇಕು. ಈ ನಾಲ್ಕು ಮಾತು ಹೇಳುವ ಒಂದೇ ಒಂದು ಸರ್ಕಾರಿ ಪೋಸ್ಟರನ್ನು ನಾನು ಇದುವರೆಗೆ ಕಂಡಿಲ್ಲ. ಕೈ ಮುಗಿಯುವ ಗಣ್ಯರ ಫೋಟೋ ಇದ್ದ ಪೋಸ್ಟರ್‌ಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಪ್ರಯೋಗಗಳಲ್ಲಿ ಮಾಸ್ಕಿನಿಂದ ಏನೂ ಸಾಬೀತಾಗಿಲ್ಲ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. 2020ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ಪ್ರಯೋಗದಲ್ಲಿ ಮಾಸ್ಕ್ ಕೊಟ್ಟ ಗುಂಪಿಗೂ ಕೊಡದ ಗುಂಪಿಗೂ ನಿಚ್ಚಳ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಇಂಥ ಪ್ರಯೋಗಗಳಲ್ಲಿ ಮಾಸ್ಕಿನಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಆದರೆ ಅವುಗಳ ಕೊರತೆಗಳಿಂದಾಗಿ ಖಚಿತ ತೀರ್ಮಾನಕ್ಕೆ ಬರುವುದು ಕಷ್ಟ ಎಂದಿತು. ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದು ಇದನ್ನು ಓದಬೇಡಿ ಎಂದು ಕೊಕ್ರೇನ್ ಸಂಪಾದಕರೇ ಆಮೇಲೆ ಸ್ಪಷ್ಟಪಡಿಸಿದರು. ಇಂಥ ಪ್ರಯೋಗಗಳು ಹೆಚ್ಚಾಗಿ ಅಳೆಯುವುದು "ಮಾಸ್ಕ್ ಹಾಕಿ" ಎಂದು ಹೇಳಿದ್ದರ ಫಲವನ್ನು. ಹೇಳಿದ್ದನ್ನು ಜನ ಎಷ್ಟು ಹೊತ್ತು, ಹೇಗೆ ಹಾಕಿಕೊಂಡರು ಎಂಬುದು ಅದರೊಳಗೆ ಕಳೆದುಹೋಗುತ್ತದೆ.

ಈ ವಿಷಯದಲ್ಲಿ ನೀವು ನಿಜವಾಗಿ ಓದಬೇಕಾದದ್ದು ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರ ನಡುವೆ ನಡೆದು 2021ರಲ್ಲಿ ಹೊರಬಂದ ಪ್ರಯೋಗ. ಅಲ್ಲಿ ಮಾಸ್ಕ್ ಬಿಟ್ಟಿ ಕೊಟ್ಟರು, ಯಾಕೆ ಎಂದು ವಿವರಿಸಿದರು, ಊರಿನ ಹಿರಿಯರು ತಾವೂ ಹಾಕಿ ತೋರಿಸಿದರು, ಹಾಕದೆ ಓಡಾಡುವವರನ್ನು ಸ್ವಯಂಸೇವಕರು ನಿಲ್ಲಿಸಿ ಮೆತ್ತಗೆ ನೆನಪಿಸಿದರು. ಮಾಸ್ಕ್ ಸರಿಯಾಗಿ ಹಾಕುವವರು ನೂರಕ್ಕೆ 13 ಇದ್ದದ್ದು 42ಕ್ಕೆ ಏರಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣ ಸಹಿತ ಸೋಂಕು ಶೇ 11ರಷ್ಟು, ಅರವತ್ತು ದಾಟಿದವರಲ್ಲಿ ಶೇ 35ರಷ್ಟು ಕಡಿಮೆಯಾಯಿತು. ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಹಾಕದೇ ಇದ್ದಾಗಲೂ ಇಷ್ಟು. ಮೊಬೈಲಿಗೆ ಸಂದೇಶ ಕಳಿಸಿದ್ದು, ಬಹುಮಾನದ ಆಸೆ ತೋರಿಸಿದ್ದು ಯಾವುದೂ ಮಾಸ್ಕ್ ಹಾಕುವವರ ಸಂಖ್ಯೆಯನ್ನು ಇನ್ನಷ್ಟು ಏರಿಸಲಿಲ್ಲ. ಮಾಸ್ಕ್ ಹಾಕಿದರೆ ಜನ ಮೈಮರೆತು ಗುಂಪು ಸೇರುತ್ತಾರೆ ಎಂಬ ಭಯವೂ ಸುಳ್ಳಾಯಿತು. ಅಂತರ ಇಟ್ಟುಕೊಳ್ಳುವುದು ಅಲ್ಲಿ ಹೆಚ್ಚೇ ಆಯಿತು. ಕೈಗೆ ಮಾಸ್ಕ್, ಕಿವಿಗೆ ಕಾರಣ, ಎದುರಿಗೆ ಒಬ್ಬ ಮನುಷ್ಯ. ದಂಡದ ಪುಸ್ತಕ ಬೇಕಾಗಲೇ ಇಲ್ಲ.

ಮಾಸ್ಕಿನಿಂದ ತೊಂದರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕಿವಿ ಕೇಳದವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಮಾಸ್ಕಿನ ದಿನಗಳಲ್ಲಿ ಅವರು ಕೌಂಟರಿನಿಂದ ಕೌಂಟರಿಗೆ ಅಲೆದದ್ದನ್ನು ನೋಡಿದ್ದೇನೆ. ಮಾತು ಕಲಿಯುವ ಮಗುವಿಗೆ ಮುಖ ಕಾಣಬೇಕು. ಸೆಕೆಯಲ್ಲಿ ಎಂಟು ತಾಸು ಮಾಸ್ಕ್ ಹಾಕಿ ದುಡಿಯುವುದು ಸುಲಭವಲ್ಲ. ಅದಕ್ಕೇ ಎಲ್ಲರೂ ಎಲ್ಲೆಡೆ ಯಾವಾಗಲೂ ಎಂಬ ಆಜ್ಞೆಯನ್ನು ನಾನು ಕೇಳುತ್ತಿಲ್ಲ. ಕೋವಿಡ್ ತುರ್ತು ಪರಿಸ್ಥಿತಿ 2023ರ ಮೇ 5ಕ್ಕೆ ಮುಗಿದಿದೆ, ಗೊತ್ತು. ಆದರೆ ಅದೇ ವರ್ಷ ಗಾಳಿಯಲ್ಲಿ ಹರಡುವ ಕ್ಷಯ ರೋಗದಿಂದ ಜಗತ್ತಿನಲ್ಲಿ ಸುಮಾರು ಹನ್ನೆರಡೂವರೆ ಲಕ್ಷ ಜನ ಸತ್ತರು. ದಡಾರದ ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ತಾಸಿನವರೆಗೆ ಸೋಂಕು ಉಳಿಯಬಲ್ಲದು. ಗಾಳಿಗೆ ತುರ್ತು ಪರಿಸ್ಥಿತಿ ಶುರುವಾದದ್ದೂ ಗೊತ್ತಿಲ್ಲ, ಮುಗಿದದ್ದೂ ಗೊತ್ತಿಲ್ಲ.

ಅಕ್ಕಪಕ್ಕದಲ್ಲಿ ನಿಲ್ಲುವವರಲ್ಲಿ ನನ್ನ ಕೋರಿಕೆ ಸಣ್ಣದು. ನೆಗಡಿ-ಕೆಮ್ಮು ಇದ್ದಾಗ ಮನೆಯಲ್ಲಿರಲು ಆಗದಿದ್ದರೆ (ರಜೆ ಕೊಡದ ಮೇಲಧಿಕಾರಿಗಳಿಗೆ ಈ ಪತ್ರದ ಒಂದು ಪ್ರತಿ ಸಲ್ಲಬೇಕು) ಮಾಸ್ಕ್ ಹಾಕಿ ಬನ್ನಿ. ಸೀನು ಬಂದಾಗ ದಯವಿಟ್ಟು ಅದನ್ನು ಇಳಿಸಬೇಡಿ. ಹಾಕಿದವರನ್ನು ಯಾಕೆ ಎಂದು ಕೇಳಬೇಡಿ.

ಇಲಾಖೆಯಲ್ಲಿ ಕೇಳುವುದು ಸ್ವಲ್ಪ ಹೆಚ್ಚಿದೆ. ಆಸ್ಪತ್ರೆಯ ಕಾಯುವ ಕೋಣೆಗಳ ಬಾಗಿಲಲ್ಲಿ ಮಾಸ್ಕಿನ ಪೆಟ್ಟಿಗೆ ಇಡಿ, ಪಕ್ಕದಲ್ಲಿ ಮೆತ್ತಗೆ ಮಾತಾಡುವ ಒಬ್ಬರನ್ನು ಕೂರಿಸಿ. ಅಲ್ಲಿಗೆ ಬರುವವರು ಒಂದೋ ಸೋಂಕು ಇದ್ದವರು, ಇಲ್ಲವೇ ಸೋಂಕು ತಗಲಿದರೆ ತಡೆದುಕೊಳ್ಳಲಾಗದವರು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುತ್ತೀರಿ. ಜನ ಕಿಕ್ಕಿರಿಯುವ ಸಭಾಂಗಣ, ತರಗತಿ, ಕಚೇರಿಗಳ ಗೋಡೆಗೆ ಗಡಿಯಾರದ ಪಕ್ಕ ಗಾಳಿಯ ಮೀಟರನ್ನೂ ತೂಗುಹಾಕಿಸಿ. ಸೆಕೆ ಎಷ್ಟು ಎಂದು ನೋಡುವ ಹಾಗೆ ಜನ ಅದನ್ನೂ ನೋಡಲು ಕಲಿಯುತ್ತಾರೆ.

ನನ್ನ ತಮ್ಮನ ಮುಂದಿನ ತಪಾಸಣೆ ಇದೇ ತಿಂಗಳ ಕೊನೆಗೆ. ರಕ್ತ ಕೊಟ್ಟು ವೈದ್ಯರನ್ನು ಕಾಣುವವರೆಗೆ ಸಾಮಾನ್ಯವಾಗಿ ಮೂರು ತಾಸು ಕೂರಬೇಕಾಗುತ್ತದೆ. ಹೋದ ಸಲ ಅಲ್ಲಿ ಮೀಟರ್ 2,100 ತೋರಿಸಿತು. ಆ ಕೋಣೆಗೆ ಎರಡು ದೊಡ್ಡ ಕಿಟಕಿಗಳಿವೆ. ಗೋಡೆಗೆ ಬಣ್ಣ ಹೊಡೆಯುವಾಗ ಚೌಕಟ್ಟಿಗೂ ಚಿಲಕಕ್ಕೂ ಸೇರಿಸಿ ಬಳಿದಿದ್ದಾರೆ, ಎಷ್ಟು ಜಗ್ಗಿದರೂ ಬರುವುದಿಲ್ಲ. ನಾನು ಪ್ರಯತ್ನಿಸಿ ನೋಡಿದೆ, ಉಗುರು ಕಿತ್ತುಕೊಂಡದ್ದಷ್ಟೇ ಬಂತು. ಅಲ್ಲಿ ಹೇಳಿದೆ, ಅದು ತಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದರು. ಅದು ಯಾವ ವಿಭಾಗಕ್ಕೆ ಬರುತ್ತದೋ ಆ ವಿಭಾಗಕ್ಕೆ ಈ ಪತ್ರ ತಲುಪಲಿ. ಒಂದು ಉಳಿ, ಒಂದು ಸುತ್ತಿಗೆ ಕೊಟ್ಟು ಯಾರನ್ನಾದರೂ ಕಳಿಸಿ. ತಿಂಗಳ ಕೊನೆಯೊಳಗೆ ಆದರೆ ಉಪಕಾರ.

ಇತಿ,
ಕಾಯುವ ಕೋಣೆಯಲ್ಲಿ ಕೂತಿರುವ ಒಬ್ಬ ಅಕ್ಕ